ಕೂಲರ್‌ಗೆ ಸಿಗುವ ಆರೈಕೆ ಗೀಸರ್‌ಗೆ ಯಾಕಿಲ್ಲ?

ಡಿಸೆಂಬರಿನಲ್ಲಿ ಕಲಬುರಗಿಗೆ ಬಂದಾಗ ಅಣ್ಣನ ಮನೆಯ ಬಚ್ಚಲಲ್ಲಿ ಒಂದು ಸಪ್ಪಳ ಕೇಳಿತು. ಗೀಸರ್ ಹಾಕಿ ಐದು ನಿಮಿಷಕ್ಕೆ ಚಟಪಟ, ಆಮೇಲೆ ಗೊರಗೊರ.

"ವೈನಿ, ಇದು ಯಾವಾಗಿಂದ ಹಿಂಗ ಮಾಡ್ತದ?" ಅಂದೆ.

"ಎರಡು ವರ್ಷ ಆತು. ನೀರು ಕಾಯ್ತಾವಲ್ಲ, ಬಿಡಪ್ಪ" ಅಂದರು.

ಆ ಸಪ್ಪಳ ನನಗೆ ಚೆನ್ನಾಗಿ ಗೊತ್ತು. ನಾನಿರುವುದು ಇಂಗ್ಲೆಂಡಿನ ರೀಡಿಂಗ್‌ನಲ್ಲಿ. ಅಲ್ಲಿ ನಮ್ಮ ಅಡುಗೆಮನೆ ಗೋಡೆಯ ಮೇಲೆ ಹದಿನಾರು ವರ್ಷದ ಹಳೇ ಗ್ಯಾಸ್ ಬಾಯ್ಲರ್ ಇದೆ. ಪ್ರತಿ ಕೋಣೆಯ ರೇಡಿಯೇಟರ್‌ಗೂ ನಲ್ಲಿಗೂ ಬಿಸಿನೀರು ಅದರಿಂದಲೇ ಬರಬೇಕು. ಜನವರಿ ಥಂಡಿಯಲ್ಲಿ ಅದು ನಿಂತರೆ ಮನೆಯೊಳಗೆ ಕೂರೋಕಾಗಲ್ಲ. ಅದೂ ಒಂದು ಸಲ ಹೀಗೇ ಸದ್ದು ಶುರು ಮಾಡಿತ್ತು.

ಎರಡೂ ಕಡೆ ತೊಂದರೆ ಸುಣ್ಣದ್ದೇ. ನಮ್ಮದು ಶಹಾಬಾದ್ ಕಲ್ಲಿನ ಸೀಮೆ. ಮನೆಗೆ ಹಾಸುವ ಫರಸಿಯೂ ಸುಣ್ಣಕಲ್ಲು, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ. ಮನೆಯ ಬೋರ್ ನೀರು ಗಡುಸು. ರೀಡಿಂಗ್ ಸುತ್ತ ಸೀಮೆಸುಣ್ಣದ ಗುಡ್ಡಗಳು, ಅಲ್ಲಿನ ನೀರೂ ಹಾಗೇ. ಇಂಥ ನೀರು ಕಾದಾಗ ಸುಣ್ಣ ಬಿಸಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಆ ಪೊರೆಯೊಳಗೆ ಸಿಕ್ಕಿದ ನೀರು ಅಲ್ಲಲ್ಲೇ ಕುದಿದು ಗುಳ್ಳೆ ಒಡೆಯುತ್ತದೆ. ನಾವು ಕೇಳುವ ಸಪ್ಪಳ ಅದು.

ಮರುದಿನ ಎಲೆಕ್ಟ್ರಿಷಿಯನ್ ಕರೆಸಿ ಕರೆಂಟ್ ತೆಗೆಸಿ ಗೀಸರ್ ಬಿಚ್ಚಿಸಿದೆವು. ಕಾಯಿಲ್ ಕಾಣಲೇ ಇಲ್ಲ, ಹೆಬ್ಬೆರಳು ದಪ್ಪ ಬಿಳಿ ಸುಣ್ಣ ಹತ್ತಿತ್ತು. ತಟ್ಟಿದರೆ ಮೊಟ್ಟೆ ಸಿಪ್ಪೆಯ ಹಾಗೆ ಉದುರಿತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯಲೆಂದು ಒಳಗೊಂದು ಮೆಗ್ನೀಸಿಯಂ ಕಡ್ಡಿ ಇಟ್ಟಿರುತ್ತಾರೆ. ಅದು ಸವೆದು ಬರೀ ತಂತಿ ಉಳಿದಿತ್ತು. ಇನ್ನೊಂದು ವರ್ಷ ಬಿಟ್ಟಿದ್ದರೆ ಟ್ಯಾಂಕೇ ತೂತಾಗುತ್ತಿತ್ತೇನೋ.

ಇದೇ ಮನೆಯಲ್ಲಿ ಕೂಲರ್‌ಗೆ ಎಷ್ಟು ಆರೈಕೆ! ಶಿವರಾತ್ರಿ ಮುಗಿದರೆ ಸಾಕು, ಅಣ್ಣ ಅದನ್ನು ಇಳಿಸಿ ಹಳೇ ಹುಲ್ಲು ಕಿತ್ತು ಹೊಸದು ಹಾಕುತ್ತಾನೆ, ಪಂಪ್ ತೊಳೆಯುತ್ತಾನೆ, ಮೋಟರ್‌ಗೆ ಎಣ್ಣೆ ಬಿಡುತ್ತಾನೆ. 40 ಡಿಗ್ರಿ ದಾಟುವ ಊರಲ್ಲಿ ಅದು ಕೆಡುವ ತನಕ ಯಾರೂ ಕಾಯುವುದಿಲ್ಲ. ಇಂಗ್ಲೆಂಡಿನವರು ಬಾಯ್ಲರ್‌ಗೆ ಮಾಡುವುದೂ ಇದನ್ನೇ. ಚಳಿಗೆ ಮುಂಚೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿಸುತ್ತಾರೆ. ಬಾಡಿಗೆ ಮನೆಯಾದರೆ 12 ತಿಂಗಳಿಗೊಮ್ಮೆ ಗ್ಯಾಸ್ ತಪಾಸಣೆ ಮಾಡಿಸುವುದು ಮಾಲೀಕರಿಗೆ ಕಡ್ಡಾಯ. ಹಾಗಾಗಿ ನಮ್ಮ ಜನಕ್ಕೆ ಶಿಸ್ತಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಶಿಸ್ತು ಇದೆ, ಬಚ್ಚಲ ತನಕ ಬಂದಿಲ್ಲ.

ಆದರೆ ಅಲ್ಲಿಯದ್ದೆಲ್ಲ ಸರಿ ಅಂತಲೂ ಅಲ್ಲ. ನಮ್ಮ ಬಾಯ್ಲರಿನೊಳಗಿನ ನೀರಿನ ಒತ್ತಡ ತೋರಿಸುವ ಮುಳ್ಳೊಂದಿದೆ, ತಣ್ಣಗಿದ್ದಾಗ ಅದು 1ರಿಂದ 1.5 ಬಾರ್ (ಒತ್ತಡದ ಅಳತೆ) ತೋರಿಸಬೇಕು. ಅದು ಅರ್ಧಕ್ಕೆ ಇಳಿಯುತ್ತಿತ್ತು. ನಾನು ಮೂರು ದಿನಕ್ಕೊಮ್ಮೆ ನೀರು ತುಂಬುತ್ತಿದ್ದೆ. ಮೊದಲು ಬಂದವನು ಮುಚ್ಚಳವನ್ನೂ ತೆಗೆಯದೆ "ಹಳೇದಾಯ್ತು, ಹೊಸದು ಹಾಕಿಸಿ" ಅಂದ. ನನಗೆ ಬೇಜಾರಾಯ್ತು. "ಏನಾಗೇದ ಅಂತ ತಿಳಿಯೋತನಕ ಸಾಮಾನು ಬದಲಿ ಮಾಡಬ್ಯಾಡ" ಅಂತ ಅಪ್ಪ ಹೇಳುತ್ತಿದ್ದರು. ಒಂದು ವಾರ ಮುಳ್ಳು ನೋಡಿ ಬರೆದಿಟ್ಟೆ. ಕಾದಾಗ 3ರ ಹತ್ತಿರ ಏರುತ್ತಿತ್ತು, ಆಗ ಸೇಫ್ಟಿ ವಾಲ್ವ್ ತೆರೆದು ಹೊರಗಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಎರಡನೆಯವರು ಆ ಚೀಟಿ ನೋಡಿದ ಕೂಡಲೇ ಹಿಡಿದುಬಿಟ್ಟರು. ಕಾದು ಹಿಗ್ಗುವ ನೀರಿಗೆ ಜಾಗ ಕೊಡಲು ಒಳಗೊಂದು ಗಾಳಿ ತುಂಬಿದ ಡಬ್ಬಿ ಇರುತ್ತದೆ. ಅದಕ್ಕೆ ಸೈಕಲ್ ಟೈರಿನಂಥದೇ ವಾಲ್ವ್. ಅದನ್ನು ಒತ್ತಿದಾಗ ನೀರು ಬಂದರೆ ಗಾಳಿಗೂ ನೀರಿಗೂ ನಡುವಿನ ರಬ್ಬರ್ ಪರದೆ ಹರಿದಿದೆ ಅಂತ. ನೀರು ಬರಲಿಲ್ಲ, ಗಾಳಿ ಇಳಿದಿತ್ತು ಅಷ್ಟೇ. ಒತ್ತಡ ತೆಗೆದು ಪಂಪ್ ಹೊಡೆದರು. ನಾನು ಸುರಿದ ಹೊಸ ನೀರಿನ ಜೊತೆ ಸುಣ್ಣವೂ ಗಾಳಿಯೂ ಒಳಗೆ ಹೋಗಿದ್ದವು. ಸುಣ್ಣದಿಂದ ಆ ಸದ್ದು, ಗಾಳಿಯಿಂದ ರೇಡಿಯೇಟರ್ ತುಕ್ಕು ಹಿಡಿದಿತ್ತು. ತೆರೆದಾಗ ಮಸಿಯಂಥ ಕಪ್ಪು ನೀರು ಬಂತು. ಪೂರ್ತಿ ತೊಳೆದು, ತುಕ್ಕು ತಡೆಯುವ ದ್ರವ ಹಾಕಿ, ಆಯಸ್ಕಾಂತದ ಫಿಲ್ಟರ್ ಕೂರಿಸಿದರು. ಈಗ ಎರಡು ಚಳಿಗಾಲ ಕಳೆದಿದೆ, ಮುಳ್ಳು ಇಳಿದಿಲ್ಲ.

ಸುಣ್ಣ, ಒತ್ತಡ ಎಲ್ಲ ದುಡ್ಡಿನ ಮಾತು. ಗ್ಯಾಸ್ ಜೀವದ ಮಾತು. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಓಲಾಡಿದರೆ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ, ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತಿರಬಹುದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರ ಮಾನ್ಯ ಮಾಡಿದ ಪಟ್ಟಿಯಲ್ಲಿ ಹೆಸರಿಲ್ಲದವರು ದುಡ್ಡು ತಗೊಂಡು ಗ್ಯಾಸ್ ಬಾಯ್ಲರ್ ರಿಪೇರಿ ಮಾಡುವಂತಿಲ್ಲ. ಆ ವಿಷ ಕಂಡರೆ ಕೂಗುವ ಸಣ್ಣ ಅಲಾರಂ ನಮ್ಮ ಮನೆಯಲ್ಲೂ ಇದೆ. ಇಲ್ಲಿ ಪಕ್ಕದ ಮನೆಯಲ್ಲಿ ಗ್ಯಾಸ್ ಗೀಸರ್ ಬಚ್ಚಲೊಳಗೇ ಇತ್ತು. ಥಂಡಿ ಅಂತ ಕಿಟಕಿಗೆ ರಟ್ಟು ಬಡಿದಿದ್ದರು, ಮಕ್ಕಳು ಅದರಲ್ಲೇ ಸ್ನಾನ ಮಾಡುತ್ತಿದ್ದರು. ನೋಡಿ ನನ್ನ ಎದೆ ಧಸಕ್ಕೆಂದಿತು.

ಅಣ್ಣ ಆವತ್ತೇ ಹೋಗಿ ಅವರ ಹತ್ತಿರ ಕೂತು ಮಾತಾಡಿದ. ನಾನು ಊರಿಂದ ಹೊರಡುವ ಮುಂಚೆ ಆ ಗೀಸರ್ ಹೊರಗಿನ ಗೋಡೆಗೆ ಹೋಯಿತು, ರಟ್ಟು ಕಿಟಕಿಯಿಂದ ಇಳಿಯಿತು. ಪೈಪ್ ನಾಲ್ಕು ಅಡಿ ಜಾಸ್ತಿ ಬೇಕಾಯ್ತು, ಅಷ್ಟೇ.