ಬಿಲ್ಲು, ಬಾಣ, ಒಂದು ಡಬ್ಬಿ ಪೌಡರ್

ತುದಿಗೆ ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಿಂದ ಹೊರಟ ಬಾಣ 40 ಗಜ ದೂರದ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಮುಟ್ಟಲು ಅರ್ಧ ಸೆಕೆಂಡೂ ಬೇಡ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬಿಲ್ಲುಗಾರರ ಎಲ್ಕ್ ಬೇಟೆಯ ಸೀಸನ್ ಸೆಪ್ಟೆಂಬರ್ 2ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ಆ ಅರ್ಧ ಸೆಕೆಂಡು ಬಿಟ್ಟರೆ ಉಳಿದ ಕಾಲವೆಲ್ಲ ಎಡವಟ್ಟುಗಳಿಗೇ ಮೀಸಲು. ಹತ್ತು ಜನ ಬಿಲ್ಲು ಹೊತ್ತು ಗುಡ್ಡ ಹತ್ತಿದರೆ ಎಂಟೋ ಒಂಬತ್ತೋ ಜನ ಬರಿಗೈಯಲ್ಲಿ ಇಳಿಯುತ್ತಾರೆ. ಅವರಲ್ಲಿ ಗುರಿ ತಪ್ಪಿದವರು ಕಡಿಮೆ, ಗುರಿ ಇಡುವ ಹಂತದವರೆಗೂ ಹೋಗದವರೇ ಹೆಚ್ಚು.

ಎಲ್ಕ್ ಅಂದರೆ ನಮ್ಮ ಕಡವೆಯ ದಾಯಾದಿ. ಬಲಿತ ಗಂಡು 300 ಕಿಲೋ ತೂಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಕಡವೆಯ ಕಡೆ ಬಿಲ್ಲು ತೋರಿಸಿದವನಿಗೆ ಸಿಗುವುದು ಜೈಲಿನ ಊಟ. ಕೊಲರಾಡೊದಲ್ಲಿ ಎಷ್ಟು ಪ್ರಾಣಿ, ಯಾವ ವಲಯ, ಯಾವ ಆಯುಧ ಎಂದು ರಾಜ್ಯದ ವನ್ಯಜೀವಿ ಇಲಾಖೆಯೇ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಲೇಬೇಕು. ಅದಕ್ಕೂ ಮೊದಲು ಹುಟ್ಟಿದ ತಾತಂದಿರಿಗೆ ಎಲ್ಲ ಗೊತ್ತು ಎಂದು ಸರ್ಕಾರ ಕೈಮುಗಿದಿದೆ.

ಸಾಮಾನಿನ ಪಟ್ಟಿಯಲ್ಲಿ ಅತ್ಯಂತ ಅಗ್ಗದ್ದು, ಅತ್ಯಂತ ಉಪಯೋಗದ್ದು ಒಂದೇ: ಒತ್ತಿದರೆ ಪುಸಕ್ಕನೆ ಹೊಗೆಯಂತೆ ಹಾರುವ ಪೌಡರಿನ ಪುಟ್ಟ ಬಾಟಲಿ. ಎಲ್ಕ್ ಕಣ್ಣಿಗೆ ಕಂಡದ್ದನ್ನು ಎರಡನೇ ಸಲ ನೋಡುತ್ತದೆ, ಕಿವಿಗೆ ಬಿದ್ದದ್ದನ್ನು ನಿಂತು ಯೋಚಿಸುತ್ತದೆ, ಮೂಗಿಗೆ ಬಂದದ್ದನ್ನು ಮಾತ್ರ ವಿಚಾರಿಸುವುದೇ ಇಲ್ಲ. ಸೀದಾ ಮುಂದಿನ ಗುಡ್ಡ ದಾಟಿ ಹೋಗುತ್ತದೆ. ಆದ್ದರಿಂದ ಗಾಳಿ ಎತ್ತ ಬೀಸುತ್ತಿದೆ ಎನ್ನುವುದು ಬಿಲ್ಲಿನ ಬೆಲೆಗಿಂತ ಮುಖ್ಯ. ಅದನ್ನು ತೋರಿಸುವ ಈ ಪೌಡರು ವಾಸನೆ ಇಲ್ಲದ್ದಾಗಿರಬೇಕು. ಮಗುವಿನ ಘಮಘಮ ಪೌಡರನ್ನೇ ತುಂಬಿಕೊಂಡು ಬರುವವರಿದ್ದಾರೆ. ಗಾಳಿಯ ದಿಕ್ಕು ಅವರಿಗೂ ತಿಳಿಯುತ್ತದೆ, ಎಲ್ಕಿಗೂ ತಿಳಿಯುತ್ತದೆ.

ಬೆಟ್ಟದ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಕಣಿವೆಗೆ ಇಳಿಯುತ್ತಿರುತ್ತದೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಬಿಸಿಲು ಇಳಿಜಾರನ್ನು ಕಾಯಿಸಿದಾಗ, ಕೆಳಮನೆಯ ಒಗ್ಗರಣೆ ಮಹಡಿಯವರ ಮೂಗಿಗೆ ಬಡಿಯುವ ಹಾಗೆ, ಅದೇ ಗಾಳಿ ಮೇಲೇರುತ್ತದೆ. ಸಂಜೆ ನೆರಳು ಬಿದ್ದ ಕೂಡಲೇ ಮತ್ತೆ ಕೆಳಗೆ. ಎಲ್ಕ್ ಹಿಂಡು ರಾತ್ರಿ ಹುಲ್ಲುಗಾವಲಿನಲ್ಲಿ ಮೇಯ್ದು, ಬೆಳಿಗ್ಗೆ ಮೇಲಕ್ಕೆ ಹತ್ತಿ ಉತ್ತರಮುಖದ ದಟ್ಟ ಮರಗಳ ನೆರಳಲ್ಲಿ ಮಲಗುತ್ತದೆ. ಹಾಗಾಗಿ ಮುಂಜಾವದಲ್ಲಿ ಕೆಳಗಿನಿಂದ ಹಿಂಬಾಲಿಸಬೇಕು, ಬಿಸಿಲೇರಿದ ಮೇಲೆ ಅವುಗಳ ಮಟ್ಟದಲ್ಲೇ ಅಡ್ಡಲಾಗಿ ಇಲ್ಲವೇ ಮೇಲಿನಿಂದ ಬರಬೇಕು, ಸಂಜೆಗೆ ಮತ್ತೆ ಕೆಳಗಿರಬೇಕು. ಗಾಳಿ ದಿಕ್ಕು ಬದಲಿಸುವ ಹೊತ್ತಿನಲ್ಲಿ ಅದು ನಾಲ್ಕೂ ಕಡೆ ಸುತ್ತುತ್ತದೆ. ಆಗ ಮಾಡಬೇಕಾದ್ದು ಏನೂ ಇಲ್ಲ, ಕೂರಬೇಕು. ಇಷ್ಟು ದುಡ್ಡು ಸುರಿದು ಇಷ್ಟು ಎತ್ತರ ಹತ್ತಿದವನಿಗೆ ಕೂರುವುದು ಮಾತ್ರ ಆಗದ ಕೆಲಸ. ‘ಒಂದು ನೂರು ಗಜ ಮುಂದೆ ಹೋಗಿ ನೋಡೋಣ’ ಎನ್ನುತ್ತಾನೆ. ಆ ನೂರು ಗಜದಲ್ಲಿ ದಿನ ಮುಗಿದಿರುತ್ತದೆ.

ಪೌಡರಿಗೂ ಒಂದು ಮಿತಿ ಇದೆ, ಅದು ನಮ್ಮ ಮೂಗಿನ ಮುಂದಿನ ಗಾಳಿಯನ್ನಷ್ಟೇ ತೋರಿಸುತ್ತದೆ. ಅನುಭವಸ್ಥರು ಅಲ್ಲಿನ ಹಾಲುಗಿಡದ ಅರಳೆಯನ್ನು ಜೇಬಲ್ಲಿಟ್ಟುಕೊಳ್ಳುತ್ತಾರೆ. ನಮ್ಮ ಎಕ್ಕದ ಕುಟುಂಬದ್ದೇ ಗಿಡ, ಕಾಯಿ ಒಡೆದರೆ ಅದೇ ತೆರನ ರೇಷ್ಮೆ ಅರಳೆ. ಒಂದೆಳೆ ಬಿಟ್ಟರೆ ಮೂವತ್ತು ನಲವತ್ತು ಗಜ ತೇಲಿ, ಬಂಡೆಯ ಹಿಂದೆ ಗಾಳಿ ಹೇಗೆ ತಿರುಗುತ್ತದೆ ಎಂಬುದನ್ನೂ ತೋರಿಸುತ್ತದೆ. ವಾಸನೆ ಕೊಲ್ಲುವ ಸ್ಪ್ರೇ, ವಾಸನೆ ಹೀರುವ ಅಂಗಿ ಎಲ್ಲವೂ ಅಂಗಡಿಯಲ್ಲಿ ಸಿಗುತ್ತವೆ. 10,000 ಅಡಿ ಎತ್ತರದಲ್ಲಿ ಒಂದು ಗಂಟೆ ಹತ್ತಿದ ಬೆವರಿನ ಮುಂದೆ ಅವುಗಳ ಆಟ ನಡೆಯುವುದಿಲ್ಲ.

ಎತ್ತರದ ಮಾತು ಬಂದದ್ದರಿಂದ ಊಟದ ವಿಷಯ. 10,000 ಅಡಿಯಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕೊಲರಾಡೊದ ರಾಜಧಾನಿ ಡೆನ್ವರ್ ಕಡೆಯ ಕನ್ನಡಿಗರು ಯಾರಾದರೂ ಡೇರೆಯಲ್ಲಿ ಅನ್ನ ಮಾಡಹೊರಟರೆ ಅಕ್ಕಿ ಬೇಯುವಷ್ಟರಲ್ಲಿ ಗ್ಯಾಸ್ ಮುಗಿಯುತ್ತದೆ, ಬೇಳೆಯಂತೂ ಮುಂದಿನ ಸೀಸನ್ನಿಗೇ ಸೈ. ಕುಕ್ಕರ್ ಹೊತ್ತರೆ ಬೆನ್ನು ಬೀಳುತ್ತದೆ. ಗಟ್ಟಿ ಅವಲಕ್ಕಿಯಷ್ಟು ಬುದ್ಧಿವಂತ ಆಹಾರ ಈ ಕೆಲಸಕ್ಕೆ ಇನ್ನೊಂದಿಲ್ಲ, ನೆನೆದರೆ ಸಾಕು. ಒಗ್ಗರಣೆಯ ಇಂಗಿಗೆ ಎಲ್ಕ್ ಓಡೀತೇ ಎಂಬ ಭಯ ಬೇಡ. ಇಂಗು ಹಾಕಿದವನ ವಾಸನೆಗೆ ಅದು ಆಗಲೇ ಹೊರಟಿರುತ್ತದೆ.

ಇನ್ನು ಬಿಲ್ಲು. ಮಿಸೌರಿಯ ಹೋಲಿಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ಜಾಣತನ ಅದರ ತುದಿಯ ಗಾಲಿಗಳಲ್ಲಿದೆ. ಎಳೆಯಲು 60 ಪೌಂಡು ಬಲ ಬೇಕಾದ ಬಿಲ್ಲನ್ನು ಪೂರ್ತಿ ಎಳೆದ ಮೇಲೆ, 80 ಪ್ರತಿಶತ ಸಡಿಲಿಕೆ ಇದ್ದರೆ, ಕೈಗೆ ಉಳಿಯುವ ಭಾರ 12 ಪೌಂಡು ಮಾತ್ರ. ಕಾಗದದ ಮೇಲೆ ಇದು ಏನೂ ಅಲ್ಲ. ಕೊಂಬಿನ ಮಹಾರಾಯ ತಲೆ ಮಾತ್ರ ಹೊರಗಿಟ್ಟು ಮರದ ಹಿಂದೆ ಎರಡು ನಿಮಿಷ ನಿಂತುಬಿಟ್ಟಾಗ ಆ 12 ಪೌಂಡು ಅಕ್ಕಿಮೂಟೆಯಾಗುತ್ತದೆ. ಬಿಲ್ಲು ಇಳಿಸಿದರೆ ಅದು ನೋಡುತ್ತದೆ, ಇಳಿಸದಿದ್ದರೆ ತೋಳು ತಾಳ ಹಾಕುತ್ತದೆ. ಆದ್ದರಿಂದ ಅದರ ಕಣ್ಣು ಮರದ ಹಿಂದೆ ಮರೆಯಾದಾಗ ಎಳೆಯಬೇಕು ನಿಜ, ಆದರೆ ಅದು ನಡೆಯುತ್ತಿರಬೇಕು. 70 ಪೌಂಡು ಎಳೆಯುತ್ತೇನೆಂದು ಮೀಸೆ ತಿರುವುವವರು ಚಳಿಯಲ್ಲಿ, ಮಂಡಿಯೂರಿ, ಬಿಲ್ಲನ್ನು ಆಕಾಶಕ್ಕೆ ಎತ್ತದೆ ಎಳೆದು ತೋರಿಸಲಿ. ಆಗದಿದ್ದರೆ ಹತ್ತು ಪೌಂಡು ಇಳಿಸುವುದು ಮರ್ಯಾದೆ. ಕೊಲರಾಡೊ ಕಾನೂನು ಕೇಳುವುದು 35 ಪೌಂಡು ಮಾತ್ರ.

ಹೆದೆಯನ್ನು ಹಿಡಿದು ಬಿಡುವ ರಿಲೀಸ್ ಎಂಬ ಪುಟ್ಟ ಕೊಂಡಿ ಇದೆ, ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದು. ಬೆಳಗಿನ ನಾಲ್ಕು ಗಂಟೆಯ ಕತ್ತಲಲ್ಲಿ ಅದು ಡೇರೆಯಲ್ಲೇ ಉಳಿಯುವುದು ಈ ಆಟದ ಹಳೆಯ ಸಂಪ್ರದಾಯ. ಎರಡನೆಯದೊಂದು ಚೀಲದಲ್ಲಿ ಸದಾ ಇರಲಿ. ಗುರಿ ನೋಡಲು ಬಿಲ್ಲಿಗೆ ಹಚ್ಚಿದ ಪಿನ್ನುಗಳ ತಿರುಪುಗಳು ಜೀಪಿನ ಕುಲುಕಾಟಕ್ಕೆ ಸಡಿಲವಾಗುತ್ತವೆ. ತಿರುಪಿನ ಪಕ್ಕ ಬಿಳಿ ಪೆನ್ನಿನಲ್ಲಿ ಗೆರೆ ಎಳೆದಿಟ್ಟರೆ ಜರುಗಿದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಬೇಸಿಗೆಯಿಡೀ ಅಭ್ಯಾಸದ ಮೊನೆ ಹಾಕಿ ಹೊಡೆದು, ಕಾಡಿಗೆ ಹೊರಡುವ ಹಿಂದಿನ ದಿನ ಬೇಟೆಯ ಅಲಗುಮೊನೆ ಬ್ರಾಡ್‌ಹೆಡ್ ತಿರುಗಿಸಿಕೊಂಡು ಹೋಗುವುದು ಇನ್ನೊಂದು ಸಂಪ್ರದಾಯ. ತೂಕ ಎರಡಕ್ಕೂ 100 ಗ್ರೇನ್ ಇರಬಹುದು, ಆದರೆ ಅಲಗು ಗಾಳಿಯನ್ನು ಹಿಡಿಯುತ್ತದೆ. ಬಿಲ್ಲು ಸರಿಯಾಗಿ ಟ್ಯೂನ್ ಆಗಿರದಿದ್ದರೆ 40 ಗಜದಲ್ಲಿ ಬಾಣ ಗೇಣುದ್ದ ಪಕ್ಕಕ್ಕೆ ಸರಿಯುತ್ತದೆ. ಇದೆಲ್ಲ ಬರಿ ಅಂಗಿಯಲ್ಲಿ ಸರಿಯಿದ್ದರೂ ಸಾಲದು, ದಪ್ಪ ಜಾಕೆಟ್ಟಿನ ತೋಳಿಗೆ ಹೆದೆ ತಾಕುತ್ತದೆಯೇ ಎಂದೂ ನೋಡಬೇಕು.

ಒಂದೊಂದು ದೂರಕ್ಕೆ ಒಂದೊಂದು ಪಿನ್ನು, ಮೇಲಿನಿಂದ ಕೆಳಕ್ಕೆ 20, 30, 40, 50 ಗಜ. ಎಲ್ಕ್ ಎದುರಿಗೆ ನಿಂತಾಗ ಎಣಿಕೆ ಮರೆಯುತ್ತದೆ, ಕಣ್ಣು ತಾನಾಗಿ ಮೊದಲ ಪಿನ್ನಿಗೆ ಹೋಗುತ್ತದೆ. 20ರ ಪಿನ್ನಿಟ್ಟು 40 ಗಜಕ್ಕೆ ಬಿಟ್ಟರೆ ಬಾಣ ಒಂದಡಿಗೂ ಕೆಳಗೆ, ಅಂದರೆ ಹೊಟ್ಟೆಯ ಕೆಳಗಿನ ಹುಲ್ಲಿಗೆ. ಕೂತ ಕೂಡಲೇ ಸುತ್ತಲಿನ ನಾಲ್ಕು ಮರಗಳ ದೂರವನ್ನು ರೇಂಜ್‌ಫೈಂಡರಿನಲ್ಲಿ ಅಳೆದಿಟ್ಟುಕೊಂಡರೆ ಈ ಗೊಂದಲ ಅರ್ಧ ಕಡಿಮೆ. ಇಳಿಜಾರಿನಲ್ಲಿ ಇನ್ನೊಂದು ತಿರುವು: ನೆಲದ ಸೆಳೆತಕ್ಕೆ ಲೆಕ್ಕ ಅಡ್ಡದ ದೂರ ಮಾತ್ರ. 30 ಡಿಗ್ರಿ ಇಳಿಜಾರಿನಲ್ಲಿ 40 ಗಜ ಎಂದು ಕಂಡದ್ದಕ್ಕೆ 35 ಗಜವೆಂದು ಗುರಿ ಇಡಬೇಕು. ಕೋನ ಲೆಕ್ಕ ಹಾಕುವ ಉಪಕರಣಗಳು ಇದನ್ನು ತಾವೇ ಮಾಡುತ್ತವೆ, ಆ ಸೌಲಭ್ಯ ಆನ್ ಆಗಿದ್ದರೆ!

ನಲವತ್ತು ಗಜದಲ್ಲಿ ಹೆದೆಯ ಸದ್ದು ಎಲ್ಕಿನ ಕಿವಿಗೆ ಸುಮಾರು 0.1 ಸೆಕೆಂಡಿನಲ್ಲಿ ಮುಟ್ಟುತ್ತದೆ, ಬಾಣ 0.4 ಸೆಕೆಂಡಿನಲ್ಲಿ. ಮಧ್ಯದ ಸಮಯ ಎಲ್ಕಿನದು. ಕಿವಿ ನಿಮಿರಿಸಿ ದಿಟ್ಟಿಸುತ್ತಿರುವ ಪ್ರಾಣಿಗೆ ಬಾಣ ಬಿಡಬಾರದು ಎನ್ನುವುದು ಇದಕ್ಕೇ.

ಕರೆಯುವ ವಿದ್ಯೆ ಮಾತ್ರ ಶುದ್ಧ ಪ್ರಹಸನ. ಸೆಪ್ಟೆಂಬರ್ ಬೆದೆಯ ತಿಂಗಳು. ಗಂಡು ಎಲ್ಕ್ ತಗ್ಗಿನಲ್ಲಿ ಶುರುಮಾಡಿ ತಾರಕಕ್ಕೇರಿ ಚೀರುತ್ತದೆ, ಕೊನೆಗೆ ಗೊರಗೊರ ಎನ್ನುತ್ತದೆ. ಈ ದೊಡ್ಡ ಬೇಟೆಗೆ ಧ್ವನಿಮುದ್ರಿತ ಎಲೆಕ್ಟ್ರಾನಿಕ್ ಕರೆ ಕೊಲರಾಡೊದಲ್ಲಿ ನಿಷಿದ್ಧ. ಹಾಗಾಗಿ ಲಾಳಾಕಾರದ ಚೌಕಟ್ಟಿಗೆ ಲೇಟೆಕ್ಸ್ ಬಿಗಿದ ಡಯಾಫ್ರಾಮನ್ನು ಅಂಗುಳಕ್ಕೆ ಒತ್ತಿ, ನಾಲಿಗೆಯಿಂದ ಅದುಮಿ ಊದಬೇಕು. ಮೊದಲ ವಾರ ಬರುವುದು ವಾಕರಿಕೆ. ಎರಡನೇ ವಾರ ಬಾತುಕೋಳಿ. ಮೂರನೇ ವಾರ ಮನೆಯವರೇ ‘ಕಾಡಿಗೆ ಹೋಗಿ ಊದಿ’ ಎನ್ನುತ್ತಾರೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಟ್ಟರೆ ಲೇಟೆಕ್ಸ್ ಸುಕ್ಕಾಗುತ್ತದೆ, ಆಮೇಲೆ ತಾನಸೇನನಿಗೂ ಸ್ವರ ಹೊರಡದು.

ಕಲಿತವರ ಸಮಸ್ಯೆ ಬೇರೆ, ಅವರು ನಿಲ್ಲಿಸುವುದಿಲ್ಲ. ಎದುರಾಳಿಯ ಕೂಗು ಕೇಳಿದರೆ ಯಜಮಾನ ಎಲ್ಕ್ ಜಗಳಕ್ಕೆ ಬರುತ್ತದೆ ಎಂದು ಲೆಕ್ಕ. ಎಷ್ಟೋ ಸಲ ಅದು ಸಂಸಾರವಂದಿಗನ ಹಾಗೆ ಹೆಣ್ಣುಗಳನ್ನು ಒಟ್ಟುಗೂಡಿಸಿಕೊಂಡು ಪಕ್ಕದ ಕಣಿವೆಗೆ ನಡೆಯುತ್ತದೆ. ಹೆಣ್ಣಿನ ಮೆದುವಾದ ‘ಮ್ಯೂ’ ಹೆಚ್ಚು ಕೆಲಸ ಮಾಡುತ್ತದೆ. ಅದಕ್ಕೂ ಬಂದ ಗಂಡು 60-70 ಗಜದಲ್ಲಿ ನಿಂತು, ‘ಕರೆದವಳೆಲ್ಲಿ?’ ಎಂದು ನೋಡುತ್ತದೆ, ಕಾಣದಿದ್ದರೆ ಹೊರಡುತ್ತದೆ. ಆದ್ದರಿಂದ ಕರೆಯುವವನು ಬಿಲ್ಲುಗಾರನ 40-60 ಗಜ ಹಿಂದೆ, ಎಲ್ಕಿಗೆ ಕಾಣದ ಮರೆಯಲ್ಲಿರಬೇಕು. ಒಬ್ಬನೇ ಇದ್ದರೆ ಕೂಗಿ, ತಕ್ಷಣ ಮೂವತ್ತು ಗಜ ಮುಂದಕ್ಕೆ ಸರಿದು ಕೂರಬೇಕು. ಉತ್ತರದ ವಯೋಮಿಂಗ್, ಮೊಂಟಾನಾ ರಾಜ್ಯಗಳಲ್ಲಿ ಈ ‘ಮ್ಯೂ’ ಕೇಳಿ ಗ್ರಿಜ್ಲಿ ಕರಡಿಯೂ ಬರುವುದುಂಟು, ಅದಕ್ಕೆ ಪ್ರೇಮದಲ್ಲಿ ಆಸಕ್ತಿ ಇರುವುದಿಲ್ಲ. ಕರಡಿಗೆಂದೇ ಇರುವ ಖಾರದ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಬೇಕು.

ಕರೆಗೆ ಅತಿ ಉತ್ಸಾಹದಿಂದ ಉತ್ತರಿಸುತ್ತ, ಹೆಜ್ಜೆಹೆಜ್ಜೆಗೂ ಹತ್ತಿರ ಬರುವ ಗಂಡು ಎಲ್ಕ್ ಬಹುಪಾಲು ಇನ್ನೊಬ್ಬ ಬೇಟೆಗಾರ. ಇಬ್ಬರೂ ಮರದ ಕೊಂಬೆ ಬಡಿದು, ಗೊರಗೊರ ಎಂದು, ಪೊದೆ ಸರಿಸಿ ಮುಖಾಮುಖಿಯಾಗಿ, ‘ಹಾಯ್’ ಎಂದು ಹಿಂದಿರುಗುತ್ತಾರೆ. ಇದು ನಗುವ ವಿಷಯವಾಗಿ ಉಳಿಯುವುದು ಯಾರೂ ಬಾಣ ಬಿಡದಿದ್ದರೆ. ಸದ್ದು ಕೇಳಿ ಹೊಡೆದ ದಶರಥನ ಕತೆ ನಮಗೆ ಗೊತ್ತಿರುವುದೇ. ಇಡೀ ಮೈ ಕಂಡು, ಅದರ ಹಿಂದೆ ಏನಿದೆ ಎಂದೂ ಕಾಣುವ ತನಕ ಬಾಣ ಹೆದೆಯಲ್ಲೇ ಇರಲಿ.

ಬಾಣ ತಾಗಿತು ಎಂದಿಟ್ಟುಕೊಳ್ಳಿ. ಈಗ ಓಡುವುದೇ ಎಲ್ಲಕ್ಕಿಂತ ದುಬಾರಿ ತಪ್ಪು. ಗಡಿಯಾರ ನೋಡಬೇಕು, ಪ್ರಾಣಿ ನಿಂತಿದ್ದ ಜಾಗಕ್ಕೂ ಕೊನೆಗೆ ಕಂಡ ಮರಕ್ಕೂ ಗುರುತಿನ ಪಟ್ಟಿ ಕಟ್ಟಬೇಕು, ಬಾಣ ಹುಡುಕಿ ರಕ್ತ ನೋಡಬೇಕು. ನೊರೆ ನೊರೆಯಾದ ತಿಳಿಗೆಂಪು ಶ್ವಾಸಕೋಶದ್ದು, ಅರ್ಧ ಗಂಟೆಯಾದರೂ ಕಾಯಬೇಕು. ಕಪ್ಪುಗೆಂಪು ಯಕೃತ್ತಿನದು, ನಾಲ್ಕರಿಂದ ಆರು ಗಂಟೆ. ಹಸಿರು ಮೆತ್ತಿ ವಾಸನೆ ಬಂದರೆ ಹೊಟ್ಟೆಗೆ ತಾಗಿದೆ, ಎಂಟರಿಂದ ಹನ್ನೆರಡು ಗಂಟೆ. ಬೇಗ ಹೋದರೆ ಗಾಯಗೊಂಡ ಪ್ರಾಣಿ ಎದ್ದು, ಮೈಲಿಗಟ್ಟಲೆ ನಡೆದು, ಯಾರಿಗೂ ಸಿಗದೆ ಸಾಯುತ್ತದೆ. ಹಾಗಾಗದಿರಲು ಪಕ್ಕಕ್ಕೆ ನಿಂತ, ಇಲ್ಲವೇ ಸ್ವಲ್ಪ ಆಚೆ ತಿರುಗಿ ನಿಂತ ಎಲ್ಕಿಗೆ ಮಾತ್ರ, ಮುಂಗಾಲಿನ ಹಿಂದಕ್ಕೆ ಹೊಡೆಯಬೇಕು. ಭುಜದ ಮೂಳೆಗೆ ಬಡಿದ ಬಾಣ ಅಲ್ಲೇ ನಿಲ್ಲುತ್ತದೆ.

ಸಿಕ್ಕ ಮೇಲೆ ಫೋಟೋಕ್ಕೂ ಮೊದಲು ಲೈಸೆನ್ಸಿನ ಜೊತೆ ಬರುವ ಟ್ಯಾಗಿಗೆ ಸಹಿ, ತಾರೀಖು. ಆಮೇಲೆ ಚರ್ಮ. ಸೆಪ್ಟೆಂಬರ್ ಮಧ್ಯಾಹ್ನದ ಬಿಸಿಗೆ ಮಾಂಸ ಕೆಡುವುದು ಹೊರಗಿನಿಂದಲ್ಲ, ಹಿಂಗಾಲಿನ ಸೊಂಟದ ಕೀಲಿನ ಸುತ್ತ, ಒಳಗಿನಿಂದ; ಚರ್ಮ ಬೇಗ ತೆಗೆದು, ಕಾಲು ಬೇರ್ಪಡಿಸಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಿಗೆ ತೂಗಿದರೆ ಉಳಿಯುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವೆತು ಹುಳಿಯುತ್ತದೆ. ಗಂಡೋ ಹೆಣ್ಣೋ ಎನ್ನುವ ಗುರುತು ಮಾಂಸಕ್ಕೆ ಅಂಟಿಕೊಂಡೇ ಇರಬೇಕು; ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದವನಿಗೆ ದಂಡ. ಗಂಡಿನಿಂದ ಮೂಳೆ ಬಿಡಿಸಿದ ಮಾಂಸ 80ರಿಂದ 110 ಕಿಲೋ ಬರಬಹುದು. ಬೆನ್ನಿಗೆ 25 ಕಿಲೋ ಅಂದರೆ ಕನಿಷ್ಠ ನಾಲ್ಕು ಸುತ್ತು. ಗಾಡಿ ಐದು ಕಿಲೋಮೀಟರ್ ದೂರವಿದ್ದರೆ ಹೊತ್ತು ಇಳಿಯುವುದು ನಾಲ್ಕು ಸಲ, ಖಾಲಿ ಹತ್ತುವುದು ಮೂರು ಸಲ, ಒಟ್ಟು 35 ಕಿಲೋಮೀಟರ್. ಎರಡು ಕಣಿವೆ ಆಚೆ ಕೂಗಿದ ಎಲ್ಕಿನ ಹಿಂದೆ ಹೊರಡುವ ಮೊದಲೇ ಈ ಗುಣಾಕಾರ ಮಾಡಿಕೊಂಡವರು ಜಾಣರು.

ತಲೆಯನ್ನು ಗೋಡೆಗೆ ನೇತುಹಾಕುವ ಆಸೆ ಇದ್ದವರೂ ಮೊದಲು ಅದನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು. ಜಿಂಕೆ, ಎಲ್ಕ್‌ಗಳ ಮಿದುಳನ್ನು ಹಾಳುಗೆಡಹುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ ಮೊದಲು ಗಮನಕ್ಕೆ ಬಂದದ್ದೇ 1967ರಲ್ಲಿ, ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ಪರೀಕ್ಷೆಗೆ ಬೇಕಾದ ಗ್ರಂಥಿ ಇರುವುದು ಗಂಟಲಿನ ಹಿಂಭಾಗದಲ್ಲಿ. ಈ ರೋಗ ತರುವ, ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಅಡುಗೆಯ ಬಿಸಿಗೆ ಸಾಯುವುದಿಲ್ಲ. ಮನುಷ್ಯರಿಗೆ ಬಂದ ಉದಾಹರಣೆ ಸಿಕ್ಕಿಲ್ಲವಾದರೂ ರೋಗವಿದ್ದ ಪ್ರಾಣಿಯನ್ನು ತಿನ್ನಬೇಡಿ ಎಂದೇ ಸಲಹೆ. ಫಲಿತಾಂಶ ಬರುವ ತನಕ ಫ್ರೀಜರಿನ ಪ್ರತಿ ಪೊಟ್ಟಣದ ಮೇಲೆ ತಾರೀಖು, ಪರೀಕ್ಷೆಯ ನಂಬರು ಬರೆದಿಡಿ. ಪಕ್ಕದ ಮನೆಯವರಿಗೆ ಹಂಚುವ ಔದಾರ್ಯವೂ ಅಲ್ಲಿಯವರೆಗೆ ಫ್ರೀಜರಿನಲ್ಲೇ ಇರಲಿ.