ಕಾಸು ಕೊಟ್ಟು ಕಂಡ ಕಾಡು

ನಮ್ಮ ನಾಲ್ಕು ಮನೆಯವರಿಗೆ ಸೇರಿದ ನಾಗಬನಕ್ಕೆ ಹೋದ ವರ್ಷ ಇಂಟರ್‌ಲಾಕ್ ಹಾಸಿದೆವು. ಹಳೆಯ ಬನ ಅಂದರೆ ಎಂತ, ಒಂದು ರಂಜೆ, ಎರಡು ಸುರಗಿ, ಒಂದು ಕಾಸರಕ, ತೊಡೆಯಷ್ಟು ದಪ್ಪದ ಬಳ್ಳಿಗಳು, ಹಗಲಲ್ಲೂ ಕತ್ತಲೆ, ಕಾಲಿಟ್ಟರೆ ಇಂಬಳ. ಭಕ್ತರು ಎಲ್ಲಿ ನಿಲ್ಲುವುದು? ಕಾರು ಎಲ್ಲಿ ತಿರುಗಿಸುವುದು? ಹಾಗಾಗಿ ಜೀರ್ಣೋದ್ಧಾರ ಸಮಿತಿ ಆಯಿತು, ರಶೀದಿ ಪುಸ್ತಕ ಆಯಿತು, ಮರ ಕೊಯ್ಯುವ ಮಿಷನ್ ಬಂತು. ಈಗ ನಾಗನಿಗೆ ಗ್ರಾನೈಟ್ ಕಟ್ಟೆ, ಸುತ್ತ ಸ್ಟೀಲ್ ಕಂಬಿ. ಮಧ್ಯಾಹ್ನ ಬರಿಗಾಲಲ್ಲಿ ನಿಂತರೆ ಅಂಗಾಲು ಹಪ್ಪಳ. ಸಮಿತಿಯ ಅಧ್ಯಕ್ಷರು ನಮ್ಮ ಭಾವ. ಖಜಾಂಚಿ ನಾನೇ, ಸುಳ್ಳು ಯಾಕೆ.

ಈ ವರ್ಷ ಮೇ ತಿಂಗಳಲ್ಲಿ ಅದೇ ಭಾವ, ಅಕ್ಕ, ನಾನು, ನನ್ನವಳು, ನಾಲ್ಕು ಜನ ಸಿಂಗಾಪುರಕ್ಕೆ ಹೋಗಿ ಹಡಗು ಹತ್ತಿದೆವು. ಯಾಕೆ ಅಂದರೆ ಕಾಡು ನೋಡಲಿಕ್ಕೆ. ಸುಮ್ನೆ ಹೇಳ್ತಿಲ್ಲ, ಪ್ಯಾಕೇಜಿನಲ್ಲಿ ಹಾಗೇ ಬರೆದಿತ್ತು: ‘ಉಷ್ಣವಲಯದ ಮಳೆಕಾಡಿನ ಅನುಭವ, ಊಟ ಸಹಿತ’.

ಹಡಗಿನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ತಿಂದೆವು, ಮಲಗಿದೆವು, ಎದ್ದು ಪುನಃ ತಿಂದೆವು. ಬೆಳಗಾಗುವಾಗ ಪೆನಾಂಗ್ ಬಂದಿತ್ತು.

ಈ ಪೆನಾಂಗ್ ಅಂದರೆ ಏನು ಗೊತ್ತುಂಟಾ? ಮಲಯ ಭಾಷೆಯಲ್ಲಿ ಪಿನಾಂಗ್ ಅಂದರೆ ಅಡಿಕೆ. ಪುಲಾವ್ ಪಿನಾಂಗ್ ಅಂದರೆ ಅಡಿಕೆ ದ್ವೀಪ. ಕಾಸರಗೋಡಿನ ಪೆರ್ಲದಿಂದ ಹೊರಟ ಅಡಿಕೆ ಕೃಷಿಕರು, ತೋಟಕ್ಕೆ ನೀರು ಬಿಡಲಿಕ್ಕೆ ಆಳಿಗೆ ಸಂಬಳ ಒಪ್ಪಿಸಿ, ವಿಮಾನ ಹತ್ತಿ, ಹಡಗು ಹತ್ತಿ ತಲುಪಿದ್ದು ಅಡಿಕೆಯ ಊರಿಗೆ! ನಮ್ಮ ತೋಟದಲ್ಲಿರುವ ಶ್ರೀಮಂಗಳ ತಳಿಯಂತೂ ಮೂಲದಲ್ಲಿ ಸಿಂಗಾಪುರದಿಂದ ಬಂದದ್ದೇ. ಸಸಿ ಆ ಕಡೆಯಿಂದ ಬಂತು, ನಾವು ಈ ಕಡೆಯಿಂದ ಹೋದೆವು, ಲೆಕ್ಕ ಸರಿಯಾಯಿತು. ದಾರಿ ಬದಿಯಲ್ಲಿ ನಾಲ್ಕು ಅಡಿಕೆ ಮರ ಕಂಡದ್ದೇ ಬಸ್ಸಿನವರೆಲ್ಲ ಮೊಬೈಲ್ ಎತ್ತಿದರು. ಮೂರು ಸಾವಿರ ಮರದ ಯಜಮಾನರಾದ ಭಾವನೂ ಎತ್ತಿದರು.

ಗೈಡ್ ಹುಡುಗಿ ತಮಿಳು ಮೂಲದವಳು. ಭಾವ ಮಲಯಾಳದಲ್ಲಿ ಕೇಳಿದರು, ಅವಳು ತಮಿಳಿನಲ್ಲಿ ಹೇಳಿದಳು, ಇಬ್ಬರಿಗೂ ಅರ್ಧರ್ಧ ಅರ್ಥವಾಯಿತು. ಕಾಸರಗೋಡಿನವರಿಗೆ ಅಷ್ಟು ಧಾರಾಳ. 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ಮಲಯಾಳದ ಸರಕಾರಿ ಕಾಗದಪತ್ರವನ್ನೆಲ್ಲ ನಾವು ಹೀಗೇ ಅಂದಾಜಿನಲ್ಲಿ ಅರ್ಥ ಮಾಡಿಕೊಂಡು ಬಂದವರು ಅಲ್ವಾ?

ಅವಳು ಒಂದು ಒಳ್ಳೆ ಕಥೆ ಹೇಳಿದಳು. 1786ರಲ್ಲಿ ಫ್ರಾನ್ಸಿಸ್ ಲೈಟ್ ಎಂಬ ಇಂಗ್ಲಿಷಿನವನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ದ್ವೀಪದಲ್ಲಿ ಇಳಿದನಂತೆ. ಎಲ್ಲಿ ನೋಡಿದರೂ ಕಾಡು, ಕಡಿಯಲಿಕ್ಕೆ ಜನ ಒಪ್ಪುವುದಿಲ್ಲ. ಅದಕ್ಕೆ ಅವನು ಫಿರಂಗಿಗೆ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಗೆ ಹಾರಿಸಿದನಂತೆ. ನಾಣ್ಯ ಹುಡುಕಲಿಕ್ಕೆ ಓಡಿದವರು ಕಾಡು ಸವರುತ್ತಾ ಹೋದರು. ನಿಜವೋ ಸುಳ್ಳೋ, ಐಡಿಯಾ ನೋಡಿ. ಭಾವ ಮುಂದಿನ ಸೀಟಿನಿಂದ ತಿರುಗಿ, “ಎಂಥಾ ದುರಾಸೆಯ ಜನ ಮಾರಾಯ” ಅಂದರು. ನಮ್ಮ ಬನದ ಮರ ಮಾರಿದ ಹಣದ ರಶೀದಿ ಇನ್ನೂ ನನ್ನ ಹತ್ತಿರವೇ ಉಂಟು. ನಾನು ಕಿಟಕಿಯ ಹೊರಗೆ ನೋಡಿದೆ.

ಪೆನಾಂಗ್ ಗುಡ್ಡಕ್ಕೆ ಹಗ್ಗ ಎಳೆಯುವ ರೈಲು, 1923ರಲ್ಲಿ ಶುರುವಾದದ್ದು. ಮೇಲೆ ಹೋದರೆ ತಂಪು. 13 ಕೋಟಿ ವರ್ಷ ಹಳೆಯ ಕಾಡು ಅಂತ ಗೈಡ್ ಹೇಳಿದಳು. 13 ಕೋಟಿ ವರ್ಷದ ಕಾಡಿಗೆ ಹಡಗಿನವರು ಕೊಟ್ಟದ್ದು ಎರಡು ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಶೌಚಾಲಯದ ಕ್ಯೂ. ಆದರೂ ಚಂದ ಉಂಟು, ಇಲ್ಲ ಅನ್ನಬಾರದು. ಕಣ್ಣಿನ ಸುತ್ತ ಬಿಳಿ ಬಳೆ ಬರೆದ, ಕನ್ನಡಕ ಹಾಕಿದ ಹಾಗೆ ಕಾಣುವ ಮಂಗಗಳು. ಕಪ್ಪು ದೊಡ್ಡ ಅಳಿಲು, ನಮ್ಮ ಕೆಂದಳಿಲಿನ ದಾಯಾದಿ. ಹುಳ ತಿನ್ನುವ ಹೂಜಿ ಗಿಡ. ಊರಲ್ಲಿ ಮಂಗನ ಸದ್ದು ಕೇಳಿದರೆ ಗರ್ನಾಲು ಪಟಾಕಿ ಹುಡುಕುವ ಭಾವ ಇಲ್ಲಿ ಉಸಿರು ಬಿಗಿಹಿಡಿದು, ಬಾಯಿಗೆ ಬೆರಳಿಟ್ಟು, “ಶ್ಶ್, ಹೆದರಿಸಬೇಡಿ ಪಾಪ” ಅನ್ನುತ್ತಿದ್ದರು.

ಮರದ ತಲೆಯ ಮಟ್ಟದಲ್ಲಿ 230 ಮೀಟರ್ ಉದ್ದದ ತೂಗುಸೇತುವೆ. ಅದಕ್ಕೆ ಬೇರೆ ಟಿಕೆಟ್. ಅಕ್ಕ ಮಳೆಗಾಲ ಪೂರ್ತಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಎರಡು ಅಡಿಕೆ ಮರದ ಸಂಕ ದಾಟುವವಳು, ಕೆಳಗೆ ಕೆಂಪು ನೀರು ಬೋರ್ಗರೆಯುತ್ತಿರುತ್ತದೆ. ಅವಳಿಗೆ ಇಲ್ಲಿ ಒಬ್ಬ ಹುಡುಗ ಧೈರ್ಯ ಹೇಳಿದ.

ಆಮೇಲೆ ಮಳೆ ಬಂತು. ಬಸ್ಸಿನವರಿಗೆಲ್ಲ ಸಂಭ್ರಮ, ಮಳೆಕಾಡಿನಲ್ಲಿ ಮಳೆ! ಪೆನಾಂಗಿಗಿಂತ ಜಾಸ್ತಿ, ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ, ಕೊಳೆರೋಗಕ್ಕೆ ಹೆದರಿ ಆಕಾಶಕ್ಕೆ ಬೈಯುವ ಜಿಲ್ಲೆಯವರಾದ ನಾವು ಪ್ಲಾಸ್ಟಿಕ್ ಕೋಟು ಕೊಂಡು ಒದ್ದೆಯಾದೆವು. ಗೈಡ್ ವಿವರಿಸಿದಳು: ಈ ಎಲೆ, ಈ ಬೇರು, ಈ ಕೊಳೆತ ತರಗೆಲೆಯೇ ಸ್ಪಂಜಿನ ಹಾಗೆ ನೀರು ಹಿಡಿದಿಡುತ್ತದೆ, ಅದರಿಂದಲೇ ಕೆಳಗಿನ ತೋಡುಗಳಿಗೆ ನೀರು. ಭಾವ ತಲೆಯಾಡಿಸಿದರು. “ನೋಡು, ಇವರಿಗೆ ಎಷ್ಟು ತಿಳುವಳಿಕೆ! ನಮ್ಮವರಿಗೆ ಯಾವಾಗ ಬುದ್ಧಿ ಬರುವುದು?” ಅಷ್ಟರಲ್ಲಿ ಅವರ ಫೋನ್ ಬಡಿಯಿತು. ಊರಿನಿಂದ ಆಳು. ಬನದ ಕೆಳಗೆ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲಿ ನೀರು ಬತ್ತಿದೆಯಂತೆ, ತೋಟಕ್ಕೆ ಬೋರ್‌ವೆಲ್ ತೆಗೆಸುವುದಾ ಅಂತ ಕೇಳಿದ. “ತೆಗೆಸು, ಗಾಡಿಗೆ ಹೇಳು” ಅಂದು ಭಾವ ಹೂಜಿ ಗಿಡದ ಪಕ್ಕ ನಿಂತು ಇನ್ನೊಂದು ಸೆಲ್ಫಿ ತೆಗೆದರು.

ಬಂದ ವಾರವೇ ಸಮಿತಿ ಸಭೆ. ವಿಷಯ: ಬನದಲ್ಲಿ ಬಿಸಿಲು ಜಾಸ್ತಿ, ನಾಗನ ತಂಬಿಲ ಸೇವೆಗೆ ಬಂದವರು ನಿಲ್ಲುವುದಿಲ್ಲ, ಫೋಟೋಗೂ ಒಳ್ಳೆ ಹಿನ್ನೆಲೆ ಇಲ್ಲ. ಮೂಲೆಯಲ್ಲಿದ್ದ ದೊಡ್ಡತ್ತೆ, “ಎರಡು ಸುರಗಿ ಗಿಡ ನೆಟ್ಟರೆ ಆಗದಾ?” ಅಂದರು. “ಬೇರು ಬಂದರೆ ಇಂಟರ್‌ಲಾಕ್ ಎದ್ದು ಹೋಗ್ತದೆ ಅತ್ತೆ. ಅದಕ್ಕೆಷ್ಟು ಸುರಿದಿದ್ದೇವೆ ನಿಮಗೆ ಗೊತ್ತುಂಟಾ?” ಅಂದರು ಭಾವ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಮೇಲಕ್ಕೆ ಹಸಿರು ಬಣ್ಣದ ಶೀಟ್. ಹಿಂದುಗಡೆ ಪೆನಾಂಗ್ ಕಾಡಿನ ಫೋಟೋ, ಇಪ್ಪತ್ತು ಅಡಿ ಅಗಲ. ಪ್ಲಾಸ್ಟಿಕ್ ಫ್ಲೆಕ್ಸಿಗೆ ಕೇರಳದಲ್ಲಿ ನಿಷೇಧ ಉಂಟಲ್ಲ, ಹಾಗಾಗಿ ಬಟ್ಟೆಯ ಮೇಲೆ ಅಚ್ಚು ಹಾಕಿಸುವುದು, ಪರಿಸರಸ್ನೇಹಿ. ಫೋಟೋದ ಒಂದು ಮೂಲೆಯಲ್ಲಿ ಭಾವನ ಮುಖವೂ ಹಡಗಿನ ಟೊಪ್ಪಿಯೂ ಬಂದಿದೆ. ಅದನ್ನು ಕತ್ತರಿಸುವುದು ಬೇಡ ಅಂತ ಅಧ್ಯಕ್ಷರೇ ಸೂಚಿಸಿದರು. ಖಜಾಂಚಿ ಅನುಮೋದಿಸಿದರು.