ಡೆಸಿಬೆಲ್ ಜೊತೆಗೆ ದೂರವನ್ನೂ ಬರೆಯಿರಿ

ತುರ್ತು ಕಿಟ್‌ನಲ್ಲಿ ಇಡುವ ಸೀಟಿಗಳನ್ನು ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಲೆಕ್ಕದಲ್ಲಿ ಹೋಲಿಸಿದ ನಿಮ್ಮ ಲೇಖನ ಬಹಳ ಬೇಕಾದದ್ದೇ. ಆದರೆ ಎಷ್ಟು ದೂರದಿಂದ ಅಳೆದದ್ದು ಎಂಬುದನ್ನೇ ಬಿಟ್ಟಿದ್ದೀರಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 120 ಇದ್ದದ್ದು ನೂರು ಮೀಟರಿನಲ್ಲಿ 80ಕ್ಕೆ ಬರುತ್ತದೆ. ದೂರ ತಿಳಿಯದೆ ಎರಡು ಸೀಟಿಗಳನ್ನು ತೂಗಿ ನೋಡುವುದು ಹೇಗೆ?

ನಮ್ಮ ಬೆಳಗಾವಿ ಕಡೆಯವರಿಗೆ ಇದು ಬರೀ ಚಾರಣದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಿನೊಳಗೆ ನೀರು ನುಗ್ಗಿದ್ದನ್ನು ಯಾರು ಮರೆತಾರು? ಹರಿಯುವ ನೀರಿನ ಭೋರ್ಗರೆತದಲ್ಲಿ ಮನುಷ್ಯನ ಕೂಗು ಮುಳುಗಿಹೋಗುತ್ತದೆ. ಸೀಟಿಯ ಕೀರಲು ದನಿ ಅದರಿಂದ ಬೇರೆಯಾಗಿ ಕೇಳಿಸುತ್ತದೆ, ಏಕೆಂದರೆ ನಮ್ಮ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಸ್ (ದನಿ ಎಷ್ಟು ಕೀರಲು ಎಂಬುದರ ಅಳತೆ) ನಡುವೆ, ಬಹುತೇಕ ಸೀಟಿಗಳು ಕೂಗುವುದೂ ಅಲ್ಲಿಯೇ.

ಇನ್ನೊಂದು ಪರೀಕ್ಷೆ ಬಿಟ್ಟುಹೋಗಿದೆ. ಬಸ್ ಕಂಡಕ್ಟರ್ ಊದುವಂಥ, ಒಳಗೆ ಗುಂಡು ಇರುವ ಸೀಟಿಯನ್ನು ಬಕೆಟ್ ನೀರಿನಲ್ಲಿ ಅದ್ದಿ ತಕ್ಷಣ ಊದಿ ನೋಡಿ. ಒದ್ದೆ ಗುಂಡು ಗೋಡೆಗೆ ಅಂಟಿಕೊಂಡರೆ ಗುಳುಗುಳು ಸದ್ದಷ್ಟೇ ಉಳಿಯುತ್ತದೆ. ನೆರೆ ಬರುವ ಊರಿಗೆ ಗುಂಡಿಲ್ಲದ ಸೀಟಿಯೇ ಸರಿ. 1987ರಲ್ಲಿ ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಮಾರುಕಟ್ಟೆಗೆ ತಂದ ಫಾಕ್ಸ್ 40 ಆ ಬಗೆಯದೇ.

ದಯವಿಟ್ಟು ಒಣ ಸೀಟಿ, ಒದ್ದೆ ಸೀಟಿ ಎರಡನ್ನೂ ಒಂದೇ ದೂರದಿಂದ ಅಳೆದು ಪಟ್ಟಿಯನ್ನು ತಿದ್ದಿ. ಮಕ್ಕಳು, ವಯಸ್ಸಾದವರು ಊದಿದಾಗ ಎಷ್ಟು ಸದ್ದು ಬರುತ್ತದೆ ಎಂಬುದನ್ನೂ ಸೇರಿಸಿ.